ಹುತ್ತದ ಉಸಿರು, ಮಾಳಿಗೆಯ ಬೆಳಕಿಂಡಿ

ಬಳ್ಳಾರಿ ಜಿಲ್ಲೆಯ ಕುರುಗೋಡು ಗುಡ್ಡದ ಬುಡದಲ್ಲಿ ಮಸಾರಿ ನೆಲ ಎಲ್ಲೆಲ್ಲಿ ಉಳುಮೆಗೆ ಸಿಗದೆ ಉಳಿದಿದೆಯೋ ಅಲ್ಲೆಲ್ಲ ಹುತ್ತಗಳಿವೆ. ಎರೆ ಹೊಲಕ್ಕೆ ಇಳಿದರೆ ಅವು ವಿರಳ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗೆ ಉಬ್ಬುವ ಮಣ್ಣಿನ ಮೇಲೆ ಗೋಪುರ ನಿಲ್ಲಿಸುವುದು ಗೆದ್ದಲಿಗೂ ಕಷ್ಟ. ಏಪ್ರಿಲ್ ತಿಂಗಳ ನಡುಹಗಲು ಇಂಥ ಒಂದು ಹುತ್ತದ ಪಕ್ಕ ನಿಂತರೆ ಜೀವದ ಸುಳಿವೇ ಕಾಣುವುದಿಲ್ಲ. ಬಿಸಿಲು ಬಿದ್ದ ಕಡೆಯ ಮಣ್ಣನ್ನು ಅಂಗೈಯಿಂದ ಮುಟ್ಟಲಾಗದು. ನೆರಳಿನ ಕಡೆ ಮುಟ್ಟಬಹುದು. ಸೂರ್ಯ ಸರಿದ ಹಾಗೆ ಆ ಎರಡು ಕಡೆಗಳೂ ಸರಿಯುತ್ತವೆ. ಸಂಜೆ ಏಳರ ಮೇಲೆ ಹೋದರೆ ಹೊರಮೈ ಆಗಲೇ ತಣಿಯುತ್ತಿರುತ್ತದೆ, ಬುಡದ ಹತ್ತಿರ ಮಾತ್ರ ಕಾವು ಇನ್ನೂ ಉಳಿದಿರುತ್ತದೆ.

ನಮ್ಮ ಕಡೆ ಹುತ್ತ ಎರಡು ಬಗೆಯವು. ಕೆಲವಕ್ಕೆ ಮೇಲೆ ಕೊಳವೆಯಂಥ ತೆರೆದ ಬಾಯಿಗಳು. ನಾಗರಪಂಚಮಿಗೆ ಹಾಲೆರೆಯುವವರು ಹುಡುಕುವುದು ಇಂಥದ್ದನ್ನೇ. ಇನ್ನು ಕೆಲವಕ್ಕೆ ಸುತ್ತ ಪಕ್ಕೆಯೆಲುಬಿನಂತೆ ಏಣುಗಳಿರುತ್ತವೆ, ಎಲ್ಲೂ ಬಾಯಿ ಕಾಣದು. ಆ ಮುಚ್ಚಿದ ಗೋಪುರದ ಕೆಳಗೆ ಲಕ್ಷಾಂತರ ಹುಳುಗಳೂ ಅವು ಸಾಕುವ ಅಣಬೆಯ ತೋಟವೂ ಹಗಲಿರುಳು ಉಸಿರಾಡುತ್ತಿವೆ. ಅಷ್ಟು ಜೀವ ಅಷ್ಟು ಇಕ್ಕಟ್ಟಿನಲ್ಲಿ ಉಸಿರು ಕಟ್ಟದೆ ಹೇಗೆ ಬದುಕುತ್ತದೆ?

ಇದಕ್ಕೆ ಬಹುಕಾಲ ಒಪ್ಪಿಕೊಂಡಿದ್ದ ಉತ್ತರ ಸ್ವಿಸ್ ವಿಜ್ಞಾನಿ ಮಾರ್ಟಿನ್ ಲ್ಯೂಷರ್ 1961ರಲ್ಲಿ ಬರೆದದ್ದು. ಹುಳುಗಳ ಮೈಕಾವಿನಿಂದ ಬಿಸಿಯಾದ ಗಾಳಿ ನಡುವಿನ ಕೊಳವೆಯಲ್ಲಿ ಏರಿ, ಹೊರಗಿನ ಏಣುಗಳಲ್ಲಿ ತಣಿದು ಇಳಿಯುತ್ತದೆ ಎಂದು ಅವರು ಹೇಳಿದ್ದರು. 2015ರಲ್ಲಿ ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಒಕೊ, ಎಲ್. ಮಹಾದೇವನ್ ಎಂಬ ಮೂವರು ಪ್ರಕಟಿಸಿದ ಅಧ್ಯಯನ ಈ ಚಿತ್ರವನ್ನು ಬದಲಿಸಿತು. ಅವರು ಅಳತೆ ಮಾಡಿದ್ದು ನಮ್ಮದೇ ರಾಜ್ಯದಲ್ಲಿ, ಬೆಂಗಳೂರಿನ ಹುತ್ತಗಳಲ್ಲಿ. ಒಡೊಂಟೊಟರ್ಮಿಸ್ ಒಬೆಸಸ್ ಎಂಬ, ಏಣಿನ ಹುತ್ತ ಕಟ್ಟುವ ಗೆದ್ದಲಿನ ಮನೆಗಳಲ್ಲಿ. ಅವರು ಕಂಡದ್ದು ಇದು: ಹಗಲು ಹೊರಗಿನ ಏಣುಗಳು ಬೇಗ ಕಾಯುತ್ತವೆ, ಅಲ್ಲಿ ಗಾಳಿ ಏರುತ್ತದೆ, ನಡುವೆ ಇಳಿಯುತ್ತದೆ. ರಾತ್ರಿ ಏಣುಗಳು ಬೇಗ ತಣಿಯುತ್ತವೆ. ಆಗ ನಡುವೆ ಏರಿ ಹೊರಗಡೆ ಇಳಿಯುತ್ತದೆ. ಗಾಳಿಯ ದಿಕ್ಕು ದಿನಕ್ಕೆರಡು ಬಾರಿ ತಿರುಗುತ್ತದೆ. ಗೂಡಿನಲ್ಲಿ ಕಟ್ಟಿಕೊಂಡ ಇಂಗಾಲದ ಡೈಆಕ್ಸೈಡು ಹಗಲು ಏರುತ್ತಾ ಹೋಗಿ, ರಾತ್ರಿ ಗೋಡೆಯ ಸಣ್ಣ ರಂಧ್ರಗಳ ಮೂಲಕ ಹೊರಬೀಳುತ್ತದೆ.

ಹುತ್ತ ಮುಖ್ಯವಾಗಿ ರಾತ್ರಿ ಉಸಿರು ಬಿಡುತ್ತದೆ. ಹಗಲಿನ ಮತ್ತು ಇರುಳಿನ ಬಿಸುಪಿನ ಅಂತರವೇ ಅದರ ಯಂತ್ರ. ಬಳ್ಳಾರಿಯಲ್ಲಿ ಆ ಅಂತರಕ್ಕೆ ಬಡತನವಿಲ್ಲ. ಬೇಸಿಗೆಯ ಮಧ್ಯಾಹ್ನ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಷ್ಟು ತಂಪಿರುವುದುಂಟು. ಈ ಅಂತರವನ್ನು ಗೆದ್ದಲು ದುಡಿಸಿಕೊಳ್ಳುತ್ತದೆ. ನಾವೂ ಒಂದು ಕಾಲದಲ್ಲಿ ದುಡಿಸಿಕೊಳ್ಳುತ್ತಿದ್ದೆವು.

ಹುತ್ತದ ಒಳಗನ್ನು ನೋಡುವ ಆಸೆಯಿದ್ದರೆ ಅಗೆಯಬೇಕಿಲ್ಲ. ದರೋಜಿ ಕರಡಿಧಾಮದ ಸುತ್ತಿನ ಕುರುಚಲಲ್ಲಿ ನಡೆದರೆ ಕರಡಿ ಒಡೆದ ಹುತ್ತ ಸಿಗುತ್ತದೆ. ಕರಡಿ ಉಗುರಿನಿಂದ ಸೀಳಿ, ಮೂತಿಯಿಟ್ಟು ಮೊದಲು ಧೂಳನ್ನು ಊದಿ, ಆಮೇಲೆ ಹುಳುಗಳನ್ನು ಹೀರುತ್ತದೆ. ಸೀಳಿದ ಕಡೆ ಕೈ ತೂರುವಷ್ಟು ದಪ್ಪದ ದಾರಿಗಳು, ಅವುಗಳಿಂದ ಕವಲೊಡೆದ ಬೆರಳು ಗಾತ್ರದ ದಾರಿಗಳು ಕಾಣಿಸುತ್ತವೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಕರಡಿ ಉರಿಬಿಸಿಲಿನಲ್ಲಿ ತಿರುಗುವುದಿಲ್ಲ. ಹಗಲೆಲ್ಲ ಬಂಡೆಗಳ ಸಂದಿನ ಗವಿಯಲ್ಲಿದ್ದು ಹೊತ್ತು ಮುಳುಗುವಾಗ ಇಳಿಯುತ್ತದೆ. ಈ ನೆಲದ ಎಷ್ಟೋ ಜೀವಗಳ ದಿನಚರಿ ಇದೇ. ಹಗಲು ಒಳಗೆ, ಇರುಳು ಹೊರಗೆ.

ಕುರುಗೋಡು, ಸಿರುಗುಪ್ಪ ಕಡೆಯ ಹಳೆಯ ಮಾಳಿಗೆ ಮನೆ ಈ ದಿನಚರಿಯನ್ನು ಗೋಡೆ ಚಾವಣಿಗಳಲ್ಲಿ ಕಟ್ಟಿಕೊಂಡದ್ದು. ಮೊಳ ದಪ್ಪದ, ಕೆಲವೆಡೆ ಅದಕ್ಕೂ ಹೆಚ್ಚಿನ ಮಣ್ಣಿನ ಇಲ್ಲವೆ ಕಲ್ಲು-ಮಣ್ಣಿನ ಗೋಡೆ. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ತುಂಡು, ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು. ಮಳೆಗಾಲಕ್ಕೆ ಮುಂಚೆ ಈ ಸವಳನ್ನು ಮತ್ತೆ ಹರಡಿ ತುಳಿಯುವುದು ಮನೆಯವರ ಕೆಲಸ. ಮಾಳಿಗೆಯಲ್ಲಿ ಒಂದೋ ಎರಡೋ ಬೆಳಕಿಂಡಿ. ಒಂದು ಒಲೆಯ ಮೇಲೆ, ಇನ್ನೊಂದು ನಡುಮನೆಯ ಮೇಲೆ. ಮಳೆ ಬಂದರೆ ಹಂಚೋ ಮಡಕೆಯ ಬೋಕಿಯೋ ಮುಚ್ಚುವುದು. ಗುಬ್ಬಚ್ಚಿಗಳಿಗೆ ಆ ಕಿಂಡಿಯೇ ಬಾಗಿಲು, ಜಂತಿಯ ಸಂದುಗಳೇ ಗೂಡು.

ಈ ಮನೆಯ ಒಳಗೆ ಊದುಬತ್ತಿ ಹಚ್ಚಿ ಕೂರುವುದು ನನಗೆ ರೂಢಿಯಾಗಿದೆ. ಕಿಂಡಿಯ ನೇರ ಕೆಳಗೆ ಹೊಗೆಯ ಎಳೆ ಸೆಟೆದು ಮೇಲೇರುತ್ತದೆ. ಬಾಗಿಲ ಬಳಿ ಇಟ್ಟರೆ ನೆಲಕ್ಕೆ ಅಂಟಿದಂತೆ ಒಳಗೆ ತೆವಳಿ, ನಡುಮನೆ ಮುಟ್ಟಿ, ಅಲ್ಲಿಂದ ಏಳುತ್ತದೆ. ಕೆಳಗೆ ತಂಪು ಗಾಳಿ ಒಳಗೆ, ಮೇಲೆ ಬಿಸಿ ಗಾಳಿ ಹೊರಗೆ. ಹತ್ತು ಡಿಗ್ರಿ ಬಿಸಿಯಾದರೆ ಗಾಳಿ ನೂರಕ್ಕೆ ಮೂರು ಪಾಲಿನಷ್ಟು ಹಗುರಾಗುತ್ತದೆ. ಅಷ್ಟೇ ಸಾಕು, ಕಿಂಡಿ ಎತ್ತರದಲ್ಲಿದ್ದರೆ ಮತ್ತು ಕೆಳಗೆ ಬರಲು ದಾರಿಯಿದ್ದರೆ. ಬಾಗಿಲು ಮುಚ್ಚಿದ ಕೂಡಲೇ ಎಳೆ ಸಡಿಲವಾಗಿ ಅಲ್ಲೇ ಸುತ್ತಾಡತೊಡಗುತ್ತದೆ. ಹೋಗುವ ದಾರಿಯೊಂದೇ ಇದ್ದರೆ ಗಾಳಿ ಹೋಗದು, ಬರುವ ದಾರಿಯೂ ಬೇಕು. ಇಂದಿನ ಅಡುಗೆಮನೆಗಳಲ್ಲಿ ದುಬಾರಿ ಚಿಮಣಿ ಹಾಕಿಸಿ, ಕಿಟಕಿ ಬಾಗಿಲು ಬಿಗಿದುಕೊಂಡು, ಘಾಟು ಹೋಗುತ್ತಿಲ್ಲವೆಂದು ದೂರುವವರಿಗೆ ಈ ಎಳೆಯನ್ನು ತೋರಿಸಬೇಕು ಅನ್ನಿಸುತ್ತದೆ.

ಕುರುಗೋಡಿನ ಒಂದು ಮಾಳಿಗೆ ಮನೆಯ ಅಜ್ಜಿ ನನ್ನ ಊದುಬತ್ತಿಯನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು, “ಏನ್ ನೋಡಾಕತ್ತೀಯಪಾ?”

“ಗಾಳಿ ಎಲ್ಲಿಂದ ಬರತೈತಿ ಅಂತ ನೋಡಾಕತ್ತೀನಿ ಅಮ್ಮ.”

“ಅದನ್ನ ನೋಡಾಕ ಊದಿನಕಡ್ಡಿ ಯಾಕ? ಹೊತ್ತು ಏರಿದ ಮ್ಯಾಲೆ ಬಾಗ್ಲ ಮುಂದ ಮಾಡಬೇಕು, ಹೊತ್ತು ಮುಣಗಿದ ಮ್ಯಾಲೆ ತಗೀಬೇಕು. ಬಿಸಿಲು ಒಂದ್ ಸಲ ಒಳಗ ಬಂತಂದ್ರ ಹೊರಗ ಹಾಕಾಕ ಬರಂಗಿಲ್ಲ.”

ಬೆಂಗಳೂರಿನ ಹುತ್ತದಲ್ಲಿ ಸಿಕ್ಕ ಅಳತೆಯೂ ಈ ಅಜ್ಜಿಯ ಮಾತೂ ಹೇಳುವುದು ಒಂದನ್ನೇ. ಬಳ್ಳಾರಿ ಸೀಮೆಯಲ್ಲಿ ಮನೆಗೆ ಗಾಳಿ ಎಷ್ಟು ಬೇಕು ಅನ್ನುವುದಕ್ಕಿಂತ ಯಾವ ಹೊತ್ತಿಗೆ ಬೇಕು ಅನ್ನುವುದು ದೊಡ್ಡ ಪ್ರಶ್ನೆ. ಬೇಸಿಗೆಯ ಹಗಲು ಹನ್ನೊಂದರಿಂದ ಸಂಜೆಯವರೆಗೆ ಕಿಟಕಿ ತೆರೆದಿಡುವುದೆಂದರೆ ನಲವತ್ತು ಡಿಗ್ರಿಯ ಗಾಳಿಯನ್ನು ಕರೆದು ಗೋಡೆ ನೆಲಗಳಿಗೆ ಕುಡಿಸಿದಂತೆ. ಸಂಜೆ ಮುಚ್ಚಿ ಮಲಗುವುದೆಂದರೆ ಆ ಕಾವನ್ನು ಒಳಗೇ ಇಟ್ಟುಕೊಂಡಂತೆ. ಎಷ್ಟೋ ಮನೆಗಳಲ್ಲಿ ನಾನು ಕಾಣುವುದು ಈ ತಲೆಕೆಳಗಾದ ಕ್ರಮವನ್ನೇ. ಹಗಲು ಎಲ್ಲ ತೆರೆದಿರುತ್ತದೆ, ರಾತ್ರಿ ಸೊಳ್ಳೆಗೂ ಕಳ್ಳರಿಗೂ ಹೆದರಿ ಎಲ್ಲ ಮುಚ್ಚಿರುತ್ತದೆ.

ಮಾಳಿಗೆ ಹೋಗಿ ಆರ್‌ಸಿಸಿ ಬಂದ ಮೇಲೆ ಈ ತಪ್ಪಿನ ಬೆಲೆ ಏರಿದೆ. ದಪ್ಪ ಮಣ್ಣಿನ ಗೋಡೆ ಮಧ್ಯಾಹ್ನದ ಕಾವನ್ನು ಒಳಮೈಗೆ ದಾಟಿಸುವಾಗ ಕತ್ತಲಾಗಿರುತ್ತದೆ. ಅಷ್ಟು ಹೊತ್ತಿಗೆ ಮನೆಯವರು ಹೊರಸು ಎತ್ತಿಕೊಂಡು ಮಾಳಿಗೆ ಹತ್ತಿರುತ್ತಾರೆ. ನಾಲ್ಕೈದು ಇಂಚಿನ ಸ್ಲ್ಯಾಬು ಹಾಗಲ್ಲ. ಮಧ್ಯಾಹ್ನ ಕುಡಿದ ಬಿಸಿಲನ್ನು ಸಂಜೆಯ ಹೊತ್ತಿಗೇ ಕೋಣೆಯೊಳಗೆ ಸುರಿಯತೊಡಗುತ್ತದೆ. ಇದನ್ನು ತಿಳಿಯಲು ಹಲ್ಲಿಯನ್ನು ನೋಡಿದರೂ ಸಾಕು. ನಡುಬೇಸಿಗೆಯ ಸಂಜೆ ನನ್ನ ಕೋಣೆಯ ಹಲ್ಲಿ ಚಾವಣಿಯ ಹತ್ತಿರ ಸುಳಿಯುವುದಿಲ್ಲ. ಬೀರುವಿನ ಹಿಂದೆ ನೆಲದಿಂದ ಒಂದು ಗೇಣು ಮೇಲೆ, ಗೋಡೆ ಇನ್ನೂ ತಣ್ಣಗಿರುವ ಕಡೆ ಅಂಟಿಕೊಂಡಿರುತ್ತದೆ. ರಾತ್ರಿ ಬಹಳ ಹೊತ್ತಾದ ಮೇಲೆ ಟ್ಯೂಬ್‌ಲೈಟಿನ ಕಡೆ ಏರುತ್ತದೆ. ಸಂಜೆಯ ಹೊತ್ತಿನಲ್ಲಿ ಫ್ಯಾನು ಹಾಕಿದರೆ ಅದು ಚಾವಣಿಯ ಅಡಿ ಕಟ್ಟಿಕೊಂಡ ಬಿಸಿಗಾಳಿಯನ್ನೇ ನಮ್ಮ ಮೇಲೆ ಇಳಿಸುತ್ತದೆ. ಆ ಗಾಳಿಗೆ ಹೊರಹೋಗಲು ಸ್ಲ್ಯಾಬಿಗೆ ತಾಗಿದಂತೆ ಒಂದು ಕಿಂಡಿ ಬೇಕಿತ್ತು. ಹಳೆಯ ಸರ್ಕಾರಿ ಬಂಗಲೆಗಳಲ್ಲಿ ಹಗ್ಗ ಎಳೆದು ತೆರೆಯುವ ವೆಂಟಿಲೇಟರು ಇದ್ದದ್ದು ಇದಕ್ಕೇ. ಈಗಿನ ಮನೆಗಳಲ್ಲಿ ಕಿಟಕಿಯ ಮೇಲುಗಡೆಯಿಂದ ಚಾವಣಿವರೆಗೆ ಎರಡು ಮೂರು ಅಡಿ ಬರೀ ಗೋಡೆ. ಬಿಸಿಗಾಳಿಯ ಕೆರೆ ಅಲ್ಲಿ ತುಂಬಿ ನಿಂತಿರುತ್ತದೆ.

ಬಳ್ಳಾರಿ ನಗರಕ್ಕೆ ಇನ್ನೊಂದು ಹೊರೆಯಿದೆ: ಬಂಡೆ. ಕೋಟೆಯ ಗುಡ್ಡವೂ ಕುಂಬಾರ ಗುಡ್ಡವೂ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತವೆ. ಗುಡ್ಡದ ಬುಡದ ಓಣಿಯಲ್ಲಿ ರಾತ್ರಿ ಹತ್ತಕ್ಕೆ ನಡೆದು, ಅಲ್ಲಿಂದ ಸಿರುಗುಪ್ಪ ರಸ್ತೆಯ ಬಯಲಿಗೆ ಬಂದರೆ ಮುಖಕ್ಕೆ ತಾಗುವ ಗಾಳಿಯೇ ಬೇರೆ. ಗುಡ್ಡದ ಪಕ್ಕದ ಮನೆಗಳಿಗೆ ತಂಪು ತಡವಾಗಿ ಬರುತ್ತದೆ. ಅವರು ಕಿಟಕಿ ತೆರೆಯುವ ಹೊತ್ತೂ ತಡವಾಗಬೇಕು. ಹೊರಗೆ ನಿಂತಾಗ ಒಳಗಿಗಿಂತ ತಂಪೆನಿಸಿದರೆ ತೆರೆಯಿರಿ, ಬೆಳಗ್ಗೆ ಹೊರಗೆ ಬಿಸಿಯೆನಿಸತೊಡಗಿದರೆ ಮುಚ್ಚಿರಿ. ಇದಕ್ಕೆ ಉಪಕರಣ ಬೇಡ. ಇದರ ಜೊತೆಗೆ ಮಾಳಿಗೆಗೆ ಬಿಳಿ ಸುಣ್ಣ ಬಳಿದರೆ ಸ್ಲ್ಯಾಬು ಕುಡಿಯುವ ಬಿಸಿಲೇ ಕಡಿಮೆಯಾಗುತ್ತದೆ. ಗಾಳಿಯ ಕೆಲಸ ಅಷ್ಟು ಹಗುರ.

ಹೊರಗಿನ ಗಾಳಿ ಎಂಥದ್ದು ಎಂಬುದನ್ನು ಜೇಡನ ಬಲೆ ಹೇಳುತ್ತದೆ. ವೆಂಟಿಲೇಟರಿನ ಮೂಲೆಯ ಹಳೆಯ ಬಲೆಗಳನ್ನು ನಾನು ಗುಡಿಸುವ ಮೊದಲು ನೋಡುತ್ತೇನೆ. ಬಲೆ ಒಳಕ್ಕೆ ಉಬ್ಬಿದ್ದರೆ ಅದು ಗಾಳಿ ಬರುವ ಕಿಂಡಿ, ಹೊರಕ್ಕೆ ಉಬ್ಬಿದ್ದರೆ ಹೋಗುವ ಕಿಂಡಿ. ಹಿಡಿದ ಧೂಳಿನ ಬಣ್ಣ ಊರಿನ ಕಸುಬನ್ನು ಹೇಳುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಓಣಿಗಳ ಬಲೆ ನೀಲಿ. ಹತ್ತಿಯ ನಾರಿನ ಸಣ್ಣ ಎಳೆಗಳು ಅದರಲ್ಲಿ ಸಿಕ್ಕಿಕೊಂಡಿರುತ್ತವೆ. ಉಕ್ಕಿನ ಕಾರ್ಖಾನೆಯ ತೋರಣಗಲ್ಲು ಕಡೆ ಕೆಂಪು ಕಪ್ಪು ಬೆರೆತದ್ದು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ತೌಡಿನ ಹುಡಿ, ಅದರ ಮೇಲೆ ಹೊಟ್ಟಿನ ಕರಿ ಬೂದಿ. ಹೊಲಿಗೆ ಯಂತ್ರ ಮನೆಯೊಳಗೇ ಇರುವ ಕಡೆ ನೀಲಿ ಎಳೆ ಹೊರಗಿನಿಂದ ಬಂದದ್ದಲ್ಲ, ಮಲಗುವ ಕೋಣೆಯಲ್ಲೇ ಹುಟ್ಟಿದ್ದು. ಅಂಥ ಮನೆಗೆ ಯಂತ್ರದ ಪಕ್ಕದ ಗೋಡೆಯಲ್ಲಿ ಹೊರಕ್ಕೆ ದೂಡುವ ಎಗ್ಸಾಸ್ಟ್ ಫ್ಯಾನು ಒಂದು ಸೌಕರ್ಯವಲ್ಲ, ಅಗತ್ಯ. ಮಕ್ಕಳ ಹಾಸಿಗೆ ಆ ಕೋಣೆಯಲ್ಲಿ ಇರಲೇಬಾರದು.

ಕಿಟಕಿ ತೆರೆದರೆ ಸಾಕು ಎಂಬ ಉಪದೇಶ ಈ ಜಿಲ್ಲೆಗೆ ಪೂರ್ತಿ ಹೊಂದುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗ್ಗೆ ಸಿರುಗುಪ್ಪ ರಸ್ತೆಯಲ್ಲಿ ನಿಂತು ನೋಡಿ. ಭತ್ತದ ಕೊಯ್ಲು ಮುಗಿದಿರುತ್ತದೆ, ಕೂಳೆಗೆ ಬೆಂಕಿ ಬಿದ್ದಿರುತ್ತದೆ, ಗಿರಣಿಗಳ ಹೊಗೆ ನೇರ ಮೇಲೇರಿ ಒಂದು ಎತ್ತರದಲ್ಲಿ ತಟ್ಟನೆ ಅಡ್ಡ ಹರಡಿಕೊಳ್ಳುತ್ತದೆ, ಮೇಲೆ ಗಾಜಿನ ಚಾವಣಿ ಇದ್ದಂತೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ನೆಲಕ್ಕೆ ತಾಗಿದ ಗಾಳಿಯೂ ತಣಿದು ಭಾರವಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚಗಿನ ಪದರ ಮುಚ್ಚಳದಂತೆ ನಿಲ್ಲುತ್ತದೆ. ಹೊಗೆ, ಬೂದಿ, ಧೂಳು ಎಲ್ಲವೂ ಆ ಮುಚ್ಚಳದ ಅಡಿ. ಬಿಸಿಲೇರಿ ನೆಲ ಕಾದ ಮೇಲೆಯೇ ಅದು ಒಡೆಯುವುದು. ಹಾಗಾಗಿ ಬೇಸಿಗೆಯ ಗಡಿಯಾರವನ್ನು ಚಳಿಗಾಲಕ್ಕೆ ತಿರುಗಿಸಬೇಕು. ಬೇಸಿಗೆಯಲ್ಲಿ ರಾತ್ರಿ ಮತ್ತು ನಸುಕು, ಚಳಿಗಾಲದಲ್ಲಿ ಹತ್ತು ಗಂಟೆಯಿಂದ ಇಳಿಹೊತ್ತಿನವರೆಗೆ. ‘ಬೆಳಗಿನ ಶುದ್ಧ ಗಾಳಿ’ ಎಂದು ಜನವರಿಯ ಆರು ಗಂಟೆಗೆ ಎಲ್ಲ ಕಿಟಕಿ ತೆರೆಯುವವರು ಆ ದಿನದ ಕೆಟ್ಟ ಗಾಳಿಯನ್ನೇ ಒಳಗೆ ಕರೆಯುತ್ತಿರುತ್ತಾರೆ.

ಮುಂಗಾರಿನ ಕಥೆ ಸರಳ. ಮಳೆ ನಮಗೆ ಕಡಿಮೆ ಬಂದರೂ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಗೆ ಕೊರತೆಯಿಲ್ಲ. ಪಡುವಣದ ಒಂದು ಕಿಟಕಿ, ಮೂಡಣದ ಒಂದು ಕಿಂಡಿ ಎದುರುಬದುರು ತೆರೆದಿದ್ದರೆ ಫ್ಯಾನಿನ ಗುಂಡಿ ಮುಟ್ಟಬೇಕಿಲ್ಲ.

ಸಿರುಗುಪ್ಪದ ಕಷ್ಟ ಸೊಳ್ಳೆ. ತುಂಗಭದ್ರಾ ಕಾಲುವೆ ನೀರು ನಿಂತ ಗದ್ದೆಗಳ ನಡುವಿನ ಊರಲ್ಲಿ ಸಂಜೆ ಕಿಟಕಿ ತೆರೆಯಿರಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಜನ ಮುಚ್ಚಿಕೊಂಡು ಸೊಳ್ಳೆ ಬತ್ತಿ ಹಚ್ಚುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಚೀನಾ ಮತ್ತು ಮಲೇಷ್ಯಾದ ಸೊಳ್ಳೆ ಬತ್ತಿಗಳನ್ನು ಸುಟ್ಟು ನೋಡಿತ್ತು. ಒಂದು ಬತ್ತಿ ಪೂರ್ತಿ ಉರಿದರೆ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು. ಮುಚ್ಚಿದ ಕೋಣೆಯಲ್ಲಿ, ಹಸುಗೂಸಿನ ಪಕ್ಕದಲ್ಲಿ ಅದನ್ನು ಹಚ್ಚಿಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬತ್ತಿಯ ಬದಲು ಕಿಟಕಿಗೆ ಜಾಲರಿ, ಮಂಚಕ್ಕೆ ಪರದೆ. ಜಾಲರಿ ಗಾಳಿಯನ್ನು ಸ್ವಲ್ಪ ತಡೆಯುತ್ತದೆ ನಿಜ. ಆದರೆ ಹೆಚ್ಚು ತಡೆಯುವುದು ಜಾಲರಿಯಲ್ಲ, ಅದರಲ್ಲಿ ಕೂತ ಧೂಳು. ಬೆಳಕಿಗೆ ಎತ್ತಿ ಹಿಡಿದರೆ ಕಣ್ಣುಗಳು ಮುಚ್ಚಿಹೋಗಿರುವುದು ಕಾಣುತ್ತದೆ. ಬಿಚ್ಚಿ ತೊಳೆಯುವ ಹಾಗೆ ಜಾಲರಿ ಕೂರಿಸಿಕೊಂಡ ಮನೆಗೂ ಮೊಳೆ ಹೊಡೆದು ಬಿಟ್ಟ ಮನೆಗೂ ಒಂದೇ ವರ್ಷದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಅಡುಗೆಮನೆ. ಕುರುಗೋಡು ಸುತ್ತಿನದು ಮೆಣಸಿನಕಾಯಿ ಸೀಮೆ. ಇಲ್ಲಿನ ಕಾಯಿ ಬ್ಯಾಡಗಿ ಮಾರುಕಟ್ಟೆಯವರೆಗೂ ಹೋಗುತ್ತದೆ. ಅಡುಗೆಮನೆಯ ಗಾಳಿಯನ್ನು ಪರೀಕ್ಷಿಸಲು ಒಣಮೆಣಸಿನಕಾಯಿಯ ಒಗ್ಗರಣೆಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಎಣ್ಣೆಗೆ ಕಾಯಿ ಬಿದ್ದ ಮೇಲೆ ಘಾಟು ಪಡಸಾಲೆಗೆ ಬಂದು ಕೂತವರನ್ನು ಕೆಮ್ಮಿಸಿದರೆ ಆ ಮನೆಯ ಹೊಗೆಯೆಲ್ಲ ದಿನವೂ ಅದೇ ದಾರಿ ಹಿಡಿಯುತ್ತಿದೆ ಎಂದೇ ಲೆಕ್ಕ. ಹೊಗೆಯ ಕಣಗಳು ಕಣ್ಣಿಗೆ ಕಾಣವು. ಘಾಟು ಅವುಗಳ ಸುಳಿವು ಕೊಡುತ್ತದೆ. ಎಗ್ಸಾಸ್ಟ್ ಫ್ಯಾನು ಒಲೆಯ ಮೇಲುಗಡೆ ಗೋಡೆಯ ಎತ್ತರದಲ್ಲಿರಬೇಕು, ಒಲೆ ಹಚ್ಚುವ ಮುಂಚೆ ಹಾಕಬೇಕು, ಅಡುಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಓಡಬೇಕು, ಎದುರುಗಡೆ ಒಂದು ಕಿಟಕಿ ಬೆರಳಷ್ಟಾದರೂ ತೆರೆದಿರಬೇಕು. ಹೊಗೆಯನ್ನು ಇದ್ದಿಲ ಫಿಲ್ಟರಿನ ಮೂಲಕ ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಚಿಮಣಿಗಳೂ ಮಾರಾಟಕ್ಕಿವೆ. ಅವನ್ನು ನಾನು ಯಾರಿಗೂ ಹೇಳುವುದಿಲ್ಲ. ಹೊರಗೆ ಕೊಳವೆ ಹೋಗದ ಚಿಮಣಿಯಿಂದ ವಾಸನೆ ಕಡಿಮೆಯಾಗಬಹುದು. ಗ್ಯಾಸು ಉರಿದಾಗ ಹುಟ್ಟುವ ಅನಿಲಗಳು ಮನೆಯಲ್ಲೇ ಉಳಿಯುತ್ತವೆ.

ಹಳ್ಳಿಗಳಲ್ಲಿ ಗ್ಯಾಸ್ ಇದ್ದರೂ ನೀರು ಕಾಯಿಸಲು, ರೊಟ್ಟಿ ಬಡಿಯಲು ಕಟ್ಟಿಗೆ ಒಲೆ ಇನ್ನೂ ಇದೆ. ಅದರಲ್ಲಿ ಉರಿಯುವುದು ಹೆಚ್ಚಾಗಿ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದು ನಮ್ಮ ಊರಿನ ಹೆಸರು ಹೊತ್ತು ಹಳ್ಳಕೊಳ್ಳಗಳನ್ನೆಲ್ಲ ತುಂಬಿಕೊಂಡ ಗಿಡ ಅದು. ಒಣಗಿದ್ದು ಚೆನ್ನಾಗಿ ಉರಿಯುತ್ತದೆ, ಹಸಿಯದ್ದು ಕಣ್ಣು ಸುಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ ‘ಅಸ್ತ್ರ ಒಲೆ’ ಕೊಳವೆಯ ಮೂಲಕ ಹೊಗೆಯನ್ನು ಮಾಳಿಗೆಯಾಚೆ ಕಳಿಸುತ್ತಿತ್ತು, ಕಟ್ಟಿಗೆಯನ್ನೂ ಉಳಿಸುತ್ತಿತ್ತು. ಎ. ಕೆ. ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಶುರುವಾದ ಕೇಂದ್ರ ಅದು. ಕಟ್ಟಿಗೆ ಉರಿಸಲೇಬೇಕಾದ ಮನೆಗಳಿಗೆ ಅದರಂಥ ಕೊಳವೆ ಒಲೆ ಇವತ್ತಿಗೂ ತಕ್ಕದ್ದು.

ಒಂದು ಎಚ್ಚರವನ್ನು ಇಲ್ಲೇ ಹೇಳಬೇಕು. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಡಬೇಡಿ. ಆಮ್ಲಜನಕ ಸಾಲದೆ ಉರಿಯುವ ಗ್ಯಾಸಿನಿಂದ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಹೊರಬರದ ಸುದ್ದಿ ಕರ್ನಾಟಕದಲ್ಲಿ ಮತ್ತೆ ಮತ್ತೆ ಬರುತ್ತಿದೆ.

ತಂಪಿನ ಯಂತ್ರಗಳಲ್ಲಿ ನಮ್ಮ ಒಣ ಬೇಸಿಗೆಗೆ ಒಗ್ಗಿದ್ದು ಕೂಲರ್. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು ಮೂರರಲ್ಲಿ ಎರಡು ಯೂನಿಟ್ ಕರೆಂಟಿಗೆ ಸಮನಾದ ಶಾಖವನ್ನು ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಫ್ಯಾನು, ಪಂಪು ಸೇರಿ ಕೂಲರ್ ತಿನ್ನುವುದು ಇನ್ನೂರು ವ್ಯಾಟಿನ ಆಸುಪಾಸು. ಆದರೆ ಕೂಲರನ್ನು ಮುಚ್ಚಿದ ಕೋಣೆಯ ಮೂಲೆಯಲ್ಲಿ ಇಟ್ಟು, ರಾತ್ರಿ ಮೈ ಜಿಗಟಾಗುತ್ತದೆ ಎನ್ನುವವರೇ ಹೆಚ್ಚು. ಅದು ಕಿಟಕಿಯಲ್ಲಿ ಕೂತು ಹೊರಗಿನ ಒಣ ಗಾಳಿಯನ್ನು ಎಳೆಯಬೇಕು, ಎದುರುಗಡೆ ಬಾಗಿಲೋ ಕಿಂಡಿಯೋ ತೆರೆದಿದ್ದು ತೇವದ ಗಾಳಿ ಹೊರಗೆ ಹೋಗಬೇಕು. ಹಾಗಿಟ್ಟ ಕೂಲರ್ ಕೋಣೆಯ ಗಾಳಿಯನ್ನು ಬದಲಿಸುತ್ತಲೇ ಇರುತ್ತದೆ. ಗದ್ದೆಗೆ ನೀರು ಬಿಟ್ಟ ಕಾಲದ ಸಿರುಗುಪ್ಪದಲ್ಲಿ ಅದರ ಬಲ ಕುಗ್ಗುತ್ತದೆ, ಏಪ್ರಿಲ್‌ನ ಬಳ್ಳಾರಿಯಲ್ಲಿ ಅದಕ್ಕೆ ಸಾಟಿಯಿಲ್ಲ.

ಎ.ಸಿ. ಹಾಗಲ್ಲ. ಹೊರಗೆ ಒಂದು ಪೆಟ್ಟಿಗೆ ಇರುವುದರಿಂದ ಅದು ಹೊರಗಿನ ಗಾಳಿ ತರುತ್ತದೆಂದು ಬಹಳ ಜನ ನಂಬಿದ್ದಾರೆ. ಮನೆಗಳಲ್ಲಿ ಹಾಕುವ ಸ್ಪ್ಲಿಟ್ ಎ.ಸಿ. ಕೋಣೆಯ ಗಾಳಿಯನ್ನೇ ಸುತ್ತಿಸಿ ತಣಿಸುತ್ತದೆ. ಮ್ಯೂನಿಕ್‌ನ ಮಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಕೋಣೆಯ ಗಾಳಿ ಕೆಟ್ಟಿತೆಂದು ತಿಳಿಯಲು ಒಂದು ಗೆರೆ ಎಳೆದಿದ್ದರು: ಇಂಗಾಲದ ಡೈಆಕ್ಸೈಡು ಸಾವಿರಕ್ಕೆ ಒಂದು ಪಾಲು. ಹತ್ತು ಹನ್ನೆರಡು ಅಡಿಯ ಕೋಣೆಯನ್ನು ಬಿಗಿಯಾಗಿ ಮುಚ್ಚಿ ನಾಲ್ಕು ಜನ ಮಲಗಿದರೆ ಒಂದೆರಡು ಗಂಟೆಯೊಳಗೇ ಆ ಗೆರೆ ದಾಟುತ್ತದೆ. ಬೆಳಗ್ಗೆ ಎದ್ದಾಗಿನ ತಲೆಭಾರದಲ್ಲಿ ಅದರ ಪಾಲೂ ಇರಬಹುದು. ಯಾರಿಗಾದರೂ ಕ್ಷಯವೋ ನೆಗಡಿಯೋ ಇದ್ದರೆ ಅವರು ಬಿಟ್ಟ ಉಸಿರನ್ನೇ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ.

ಎ.ಸಿ. ಬೇಕೇ ಆದರೆ ಮಲಗುವ ಮುಂಚೆ ಕೋಣೆಯನ್ನು ಒಮ್ಮೆ ಪೂರ್ತಿ ತೆರೆದು ಬಿಸಿಗಾಳಿ ಹೊರಹಾಕಿ, ಆಮೇಲೆ ಹಚ್ಚಿ, ಹೊರಗೆ ತಂಪಾದ ಹೊತ್ತಿಗೆ ಆರಿಸಿ ಕಿಟಕಿ ತೆರೆಯುವುದು ಒಳ್ಳೆಯದು. 2020ರ ಜನವರಿ 1ರಿಂದ ದೇಶದಲ್ಲಿ ಮಾರುವ ಎ.ಸಿ.ಗಳು ಹಚ್ಚಿದಾಗ ತಾವಾಗಿಯೇ 24 ಡಿಗ್ರಿಗೆ ಹೊಂದಿಕೊಂಡಿರಬೇಕೆಂಬ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ನೂರಕ್ಕೆ ಆರರಷ್ಟು ಕರೆಂಟ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಇಪ್ಪತ್ತಾರಕ್ಕೆ ಇಟ್ಟು ಮೇಲೆ ಫ್ಯಾನು ಹಾಕಿದರೆ ಸಾಕಾಗುತ್ತದೆ. ಆ ಫ್ಯಾನು ಹಳೆಯದಾದರೆ 75 ವ್ಯಾಟ್ ತಿನ್ನುತ್ತದೆ, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಮೋಟರಿನದಾದರೆ ಮೂವತ್ತರ ಆಸುಪಾಸು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟಿನ ಗಡಿಯ ಹತ್ತಿರ ಓಡಾಡುವ ಮನೆಗಳಿಗೆ ಇದು ಸಣ್ಣ ಮಾತಲ್ಲ. ಗಡಿ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು.

ಕರೆಂಟು ಮತ್ತು ಗಾಳಿ ನಮ್ಮ ಜಿಲ್ಲೆಯಲ್ಲಿ ಬೇರೆ ಬೇರೆ ವಿಷಯಗಳಲ್ಲ. ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,700 ಮೆಗಾವ್ಯಾಟ್, ಅಷ್ಟೂ ಕಲ್ಲಿದ್ದಲಿನದು. ಕಲ್ಲಿದ್ದಲು ಸುಟ್ಟ ಹೊಗೆ ಇಳಿಯುವುದು ನಮ್ಮ ಮಾಳಿಗೆಗಳ ಮೇಲೆಯೇ. ರಾತ್ರಿ ಕಿಂಡಿ ತೆರೆದು ಉಳಿಸಿದ ಯೂನಿಟ್ಟು ಮರುದಿನ ತೆರೆಯುವ ಕಿಟಕಿಯ ಗಾಳಿಯನ್ನೂ ಅಷ್ಟು ಮಟ್ಟಿಗೆ ಹಗುರ ಮಾಡುತ್ತದೆ.

ಚಳಿದೇಶಗಳ ದಾರಿ ಬೇರೆ. 1977ರಲ್ಲಿ ಕೆನಡಾದ ರೆಜೈನಾದಲ್ಲಿ ಕಟ್ಟಿದ ಒಂದು ಮನೆ ಗಾಳಿಯಾಡದಂತೆ ಬಿಗಿಯಾಗಿತ್ತು. ಹೊರಹೋಗುವ ಬೆಚ್ಚನೆಯ ಗಾಳಿಯ ಕಾವನ್ನು ಒಳಬರುವ ತಣ್ಣನೆಯ ಗಾಳಿಗೆ ದಾಟಿಸುವ ಯಂತ್ರ ಅದರಲ್ಲಿತ್ತು. ಅಂಥ ಯಂತ್ರಗಳು ಈಗ ನಮ್ಮಲ್ಲೂ ಮಾರಾಟಕ್ಕಿವೆ. ವರ್ಷವೆಲ್ಲ ಎ.ಸಿ.ಯಲ್ಲೇ ಇರುವ, ರಸ್ತೆ ಧೂಳಿಗೆ ಕಿಟಕಿ ತೆರೆಯಲಾಗದ ಮನೆಗೆ ಅವು ಆದೀತು. ಮಿಕ್ಕವರು ಆ ಹಣವನ್ನು ಎತ್ತರದ ಕಿಂಡಿಗೂ ಒಳ್ಳೆಯ ಜಾಲರಿಗೂ ಹಾಕುವುದು ಲೇಸು. ನಮಗೆ ಹತ್ತಿರದ ಮಾದರಿ ಜಿಂಬಾಬ್ವೆಯ ಹರಾರೆಯಲ್ಲಿದೆ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಹುತ್ತಗಳಿಂದ ಸ್ಫೂರ್ತಿ ಪಡೆದು ರೂಪಿಸಿದ ಈಸ್ಟ್‌ಗೇಟ್ ಕಟ್ಟಡ 1996ರಲ್ಲಿ ತೆರೆಯಿತು. ರಾತ್ರಿಯ ತಂಪು ಗಾಳಿಯನ್ನು ಕಾಂಕ್ರೀಟಿನ ನಡುವೆ ಹಾಯಿಸಿ ತಣಿಸಿಟ್ಟು, ಹಗಲು ಆ ತಂಪನ್ನು ಬಳಸುತ್ತದೆ. ಕಾಂಕ್ರೀಟು ಇಲ್ಲಿ ವೈರಿಯಾಗಿಲ್ಲ, ತಂಪಿನ ಕಣಜವಾಗಿದೆ. ನಮ್ಮ ಆರ್‌ಸಿಸಿ ಮನೆಗಳಿಗೂ ಇದು ಸಾಧ್ಯ. ಬೇಸಿಗೆಯಲ್ಲಿ ರಾತ್ರಿಯಿಡೀ ಚಾವಣಿಯ ಅಡಿಯಿಂದ ಗಾಳಿ ಹಾಯಬೇಕು, ಅಷ್ಟೆ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳ ಮೇಲೆ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಉತ್ಖನನ ಮಾಡಿದಾಗ ನವಶಿಲಾಯುಗದ ದುಂಡು ಗುಡಿಸಲುಗಳ ನೆಲೆ ಸಿಕ್ಕಿತು. ಆ ಜನ ಬಯಲನ್ನು ಬಿಟ್ಟು ಬಂಡೆಗಳ ನಡುವಿನ ಎತ್ತರದಲ್ಲಿ ಮನೆ ಮಾಡಿದ್ದಕ್ಕೆ ಕಾರಣ ಹಲವಿರಬಹುದು. ಪಡುವಣ ಗಾಳಿ ಬೀಸುವ ಒಂದು ಸಂಜೆ ಆ ಗುಡ್ಡದ ಮೇಲೆ ನಿಂತವರಿಗೆ ಗಾಳಿಯೂ ಒಂದು ಕಾರಣವಾಗಿದ್ದೀತು ಎಂದು ತೋರುತ್ತದೆ.

ಈಗ ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ. ಪಡುವಣ, ಮೂಡಣ ಎರಡೂ ಗೋಡೆಗಳಲ್ಲಿ ಸ್ಲ್ಯಾಬಿಗೆ ತಾಗಿದಂತೆ ಒಂದಡಿ ಎತ್ತರದ, ಮುಚ್ಚಿ ತೆರೆಯಬಹುದಾದ ಕಿಂಡಿ ಬಿಡಿಸಿ. ಅದಕ್ಕೆ ಕಂಬಿಯೂ ಬಿಚ್ಚಿ ತೊಳೆಯುವ ಜಾಲರಿಯೂ ಇದ್ದರೆ ಕಳ್ಳರ, ಸೊಳ್ಳೆಯ, ಪಾರಿವಾಳದ ಭಯವಿಲ್ಲದೆ ರಾತ್ರಿಯಿಡೀ ತೆರೆದಿಡಬಹುದು. ಅಡುಗೆಮನೆಗೂ ಬಚ್ಚಲಿಗೂ ಹೊರಗೋಡೆಯೊಂದು ಇರುವಂತೆ ನಕ್ಷೆ ಮಾಡಿಸಿ. ಇದಕ್ಕೆ ಆಗುವ ಖರ್ಚು ಒಂದು ಎ.ಸಿ.ಯ ಬೆಲೆಗಿಂತ ಬಹಳ ಕಡಿಮೆ. ಸ್ಲ್ಯಾಬು ಬಿದ್ದ ಮೇಲೆ ಗೋಡೆ ಒಡೆಯುವುದು ಕಷ್ಟ. ಸೆಂಟ್ರಿಂಗ್ ಕಟ್ಟುವ ಮುಂಚೆಯೇ ಗೌಂಡಿಗೆ ಹೇಳಿ.